ಗಾಯನ ಮಂಡಳಿಗೆ ಬೇಸ್ ಆಂಪ್ಲಿಫಯರ್: ಕೊಳ್ಳುವ ಮುನ್ನ

ಬೇಸ್ ಗಿಟಾರನ್ನು ಲೀಡ್ ಗಿಟಾರಿನ ಆಂಪ್ಲಿಫಯರಿಗೆ ಸಿಕ್ಕಿಸುವ ರೂಢಿಯನ್ನು ಗಾಯನ ಮಂಡಳಿಗಳು ಬಿಡಬೇಕೆಂಬುದು ನಮ್ಮ ವಿನಂತಿ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನದ್ದು 82. ಅಷ್ಟು ಕೆಳಸ್ವರವನ್ನು ಜೋರಾಗಿ ನುಡಿಸಿದರೆ ಆ ಸ್ಪೀಕರ್ ಹಾಳಾಗಬಹುದು.

ಸ್ಪೀಕರ್, ಆಂಪ್ಲಿಫಯರ್ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಸಾಕು. ಉದಾಹರಣೆಗೆ ಫೆಂಡರ್ ರಂಬಲ್: 25 ವ್ಯಾಟಿನದಕ್ಕೆ 8 ಇಂಚಿನ ಸ್ಪೀಕರ್, 40ಕ್ಕೆ 10, 100ಕ್ಕೆ 12. ಇಪ್ಪತ್ತೈದು ಮನೆಯ ಅಭ್ಯಾಸಕ್ಕೆ ಸರಿ. ಡ್ರಮ್ಸ್ ಜೊತೆ ಕೇಳಿಸದು. ಚರ್ಚಿಗೆ ನಾವು ಸೂಚಿಸುವುದು 40ರದ್ದನ್ನು. ಅದರಲ್ಲಿ ಎಕ್ಸ್‌ಎಲ್‌ಆರ್ ಲೈನ್ ಔಟ್ ಇದೆ. ಮಿಕ್ಸರಿಗೆ ಜೋಡಿಸಿದರೆ ಭಕ್ತಾದಿಗಳಿಗೆ ಚರ್ಚಿನ ಧ್ವನಿವರ್ಧಕದಿಂದಲೇ ಕೇಳುತ್ತದೆ, ಕಾಂಬೊ ನುಡಿಸುವವರ ಕಿವಿಗಷ್ಟೇ. ತೂಕ 8 ಕಿಲೋ ಚಿಲ್ಲರೆ. ಬಲಿಪೂಜೆಗೆ ಮೊದಲು ಬಾಲ್ಕನಿಯ ಮೆಟ್ಟಿಲು ಹತ್ತಿಸುವ ಯುವಜನರಿಗೆ ಇದರ ಬೆಲೆ ಗೊತ್ತು!

ಎಲ್ಲಕ್ಕಿಂತ ಮುಖ್ಯ ಅರ್ತಿಂಗ್. ಗುಂಯ್ ಎನ್ನುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಹಾಕುವವರಿದ್ದಾರೆ. ತಂತಿಯ ಮೇಲೆ ಕೈ, ಮೈಕಿಗೆ ತುಟಿ. ವಯರಿಂಗಿನಲ್ಲಿ ದೋಷವಿದ್ದರೆ ಪ್ರಾಣಕ್ಕೇ ಅಪಾಯ. ಆಂಪ್ಲಿಫಯರಿಗೂ ಮಿಕ್ಸರಿಗೂ ಒಂದೇ ಪಾಯಿಂಟಿನಿಂದ ವಿದ್ಯುತ್ ಕೊಡಿ, ಅದರ ಅರ್ತಿಂಗನ್ನು ಮೊದಲೇ ಎಲೆಕ್ಟ್ರಿಶಿಯನ್ನರಿಂದ ಪರೀಕ್ಷೆ ಮಾಡಿಸಿ.

ಕರಾವಳಿಯ ಉಪ್ಪುಗಾಳಿಗೆ ಜ್ಯಾಕುಗಳು ಕಿಲುಬು ಹಿಡಿಯುತ್ತವೆ. ಮಳೆಗಾಲದಲ್ಲಿ ಕಾಂಬೊವನ್ನು ಬರಿ ನೆಲದ ಮೇಲಿಡಬೇಡಿ. ಕೊಳ್ಳುವಾಗ ಮಂಡಳಿಯ ಗಿಟಾರನ್ನೇ ಅಂಗಡಿಗೆ ಒಯ್ದು ನುಡಿಸಿ ನೋಡಿ.