ನ್ಯಾನೋ ತಂತ್ರಜ್ಞಾನ: ಪ್ರಬಂಧ ಮಂಡಿಸುವ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಗಡಿಭಾಗದ ನಮ್ಮ ಮಕ್ಕಳಲ್ಲಿ ಹಲವರು ಕಾಲೇಜಿನಲ್ಲಿ ವಿಜ್ಞಾನ ಓದುವುದು ಇಂಗ್ಲಿಷಿನಲ್ಲಿ, ಪೇಟೆಯಲ್ಲಿ ಆಡುವುದು ಮಲಯಾಳ, ತಮಿಳು, ತೆಲುಗು ಅಥವಾ ಮರಾಠಿ. ಕಲಿತದ್ದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಲಾಗದಿದ್ದರೆ ನಮ್ಮ ಭಾಷೆ ಹಾಡು, ಹಬ್ಬಗಳಿಗಷ್ಟೇ ಉಳಿದೀತು. ಸಂಘದ ವೇದಿಕೆಯಲ್ಲಿ ಕನ್ನಡದಲ್ಲೇ ಮಾತನಾಡಲು ಹೊರಟವರಿಗಾಗಿ ಈ ಟಿಪ್ಪಣಿ ಕೊಡುತ್ತಿದ್ದೇವೆ.

ವಿಷಯ: "ನ್ಯಾನೋ ತಂತ್ರಜ್ಞಾನದ ಉಪಯೋಗಗಳು" ಎಂದು ಹೊರಟರೆ ಬರೀ ಪಟ್ಟಿಯಾಗುತ್ತದೆ. ಒಂದೇ ಪ್ರಶ್ನೆ ಹಿಡಿಯಿರಿ. ಉದಾಹರಣೆಗೆ, ಕುಡಿಯುವ ನೀರಿನ ಫ್ಲೋರೈಡನ್ನು ನ್ಯಾನೋ ಕಣಗಳು ಹೇಗೆ ತೆಗೆಯುತ್ತವೆ? ಅನಂತಪುರ ಸೀಮೆಯ ಸದಸ್ಯರಿಗೆ ಈ ತೊಂದರೆ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗೂ ಹಾನಿ.

ಅಳತೆ: ಒಂದು ಮೀಟರಿನ 100 ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000ದಿಂದ 1,00,000 ನ್ಯಾನೋಮೀಟರ್. ನ್ಯಾನೋ ಕಣಗಳ ಗಾತ್ರ ಸಾಮಾನ್ಯವಾಗಿ 1ರಿಂದ 100.

ಕಾರಣ: ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುತ್ತದೆ, ಏಕೆಂದರೆ ನೀರು ತಾಗುವ ಮೇಲ್ಮೈ ಹೆಚ್ಚು. 1 ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 1 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ! ಫ್ಲೋರೈಡ್ ಅಲ್ಯೂಮಿನಾದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಅಂಟಲು ಜಾಗ ಹೆಚ್ಚು.

ಹಿನ್ನೆಲೆ: ಒಂದು ಸ್ಲೈಡ್ ಸಾಕು. 1959ರಲ್ಲಿ ರಿಚರ್ಡ್ ಫೈನ್‌ಮನ್ ಅವರ ಉಪನ್ಯಾಸ. 1974ರಲ್ಲಿ ನೊರಿಯೊ ತಾನಿಗುಚಿ 'ನ್ಯಾನೋ ಟೆಕ್ನಾಲಜಿ' ಪದ ಬಳಸಿದ್ದು. 2007ರಲ್ಲಿ ಭಾರತದ ನ್ಯಾನೋ ಮಿಷನ್. ಈ ಕ್ಷೇತ್ರವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಪ್ರಮುಖರು ಬೆಂಗಳೂರಿನ ಪ್ರೊ. ಸಿ.ಎನ್.ಆರ್. ರಾವ್.

ಮಿತಿ: ಇದನ್ನು ಬಿಡಬೇಡಿ. ಅಷ್ಟು ಸಣ್ಣ ಕಣಗಳು ನೀರಿನಲ್ಲೇ ಉಳಿಯಬಾರದು. ಹಾಗಾಗಿ ಅವನ್ನು ಬೇರೊಂದು ಗಟ್ಟಿ ವಸ್ತುವಿನ ಮೇಲೆ ಕೂರಿಸುತ್ತಾರೆ. ಫ್ಲೋರೈಡ್ ತುಂಬಿದ ಪುಡಿಯನ್ನು ಎಲ್ಲಿ ಹಾಕುವುದು, ಖರ್ಚೆಷ್ಟು ಎಂದು ಸಭಿಕರು ಕೇಳಿಯೇ ಕೇಳುತ್ತಾರೆ.

ಭಾಷೆ: ನ್ಯಾನೋ, ಫ್ಲೋರೈಡ್ ಹಾಗೆಯೇ ಇರಲಿ. ಕಣ, ಮೇಲ್ಮೈ, ಅಂಟಿಕೊಳ್ಳು ಎಂಬಂಥ ಮಾತುಗಳಿಗೆ ಇಂಗ್ಲಿಷ್ ಬೇಡ. ವೇದಿಕೆ ಹತ್ತುವ ಮೊದಲು, ವಿಜ್ಞಾನ ಓದದ ಮನೆಯ ಹಿರಿಯರೊಬ್ಬರಿಗೆ ಒಮ್ಮೆ ಹೇಳಿ ನೋಡಿ. ಅವರಿಗೆ ತಿಳಿದರೆ ಸಭೆಗೂ ತಿಳಿಯುತ್ತದೆ.