ಬಿಸಿಲಿಗೆ ಸುಟ್ಟ ಚರ್ಮ: ಮನೆಯಲ್ಲಿ ಮಾಡಬಹುದಾದ ಉಪಚಾರ ಮತ್ತು ಮುನ್ನೆಚ್ಚರಿಕೆಗಳು

ಬೇಸಿಗೆ ಉಳುಮೆ, ಶೇಂಗಾ ಕೊಯ್ಲು, ಬದು ದುರಸ್ತಿ ಮುಂತಾದ ಕೆಲಸಗಳಲ್ಲಿ ರೈತರೂ ಕೃಷಿ ಕಾರ್ಮಿಕರೂ ಮಾರ್ಚ್‌ನಿಂದ ಮೇ ತಿಂಗಳವರೆಗೆ ದೀರ್ಘಕಾಲ ಬಿಸಿಲಿನಲ್ಲಿರಬೇಕಾಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳಿಂದ ಕುತ್ತಿಗೆ, ಮುಖ, ಮುಂಗೈಗಳ ಚರ್ಮ ಸುಡುತ್ತದೆ. ಉರಿ ಕೆಲವು ಗಂಟೆಗಳ ನಂತರ ಆರಂಭವಾಗಿ, ಸಾಮಾನ್ಯವಾಗಿ ಒಂದು ದಿನದೊಳಗೆ ತೀವ್ರಗೊಳ್ಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರಬಹುದು. ಚರ್ಮದ ಬಿಸಿ, ಬಿಗಿತ ಮತ್ತು ಮುಟ್ಟಿದರೆ ನೋವು ಇದರ ಲಕ್ಷಣಗಳು.

ಮೊದಲು ಕಾರಣ ಗುರುತಿಸಿರಿ

ಹೊಲದಲ್ಲಿ ಉಂಟಾಗುವ ಎಲ್ಲ ಉರಿಗೂ ಬಿಸಿಲೇ ಕಾರಣವಲ್ಲ.
• ಕೀಟನಾಶಕ ಸಿಂಪಡಿಸಿದ ದಿನ ಚರ್ಮ ಉರಿದರೆ ಔಷಧಿ ತಗುಲಿದೆಯೆಂದೇ ಭಾವಿಸಿರಿ. ಬಟ್ಟೆ ಕಳಚಿ, ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಎಣ್ಣೆ ಹಚ್ಚಬಾರದು. ಉರಿ ನಿಲ್ಲದಿದ್ದರೆ, ವಾಕರಿಕೆ ಅಥವಾ ತಲೆಸುತ್ತು ಕಂಡರೆ ಡಬ್ಬಿಯ ಲೇಬಲ್ ಸಮೇತ ಕೂಡಲೇ ವೈದ್ಯರ ಬಳಿ ಹೋಗಿರಿ.
• ಬಿಸಿಲಿನ ಸುಡುವಿಕೆ ಬಟ್ಟೆ ಮುಚ್ಚಿದ ಭಾಗವನ್ನು ಬಿಟ್ಟು ತೆರೆದ ಭಾಗದಲ್ಲಿ ಮಾತ್ರ ಇರುತ್ತದೆ. ಕಣ್ಣಿನ ರೆಪ್ಪೆ, ಕುತ್ತಿಗೆ ಹಾಗೂ ಮೊಣಕೈ ಮಡಿಕೆಗಳಲ್ಲಿಯೂ ತುರಿಕೆಯಿದ್ದು ಮರುಕಳಿಸುತ್ತಿದ್ದರೆ ಪಾರ್ಥೇನಿಯಂ ಕಳೆಯ ಅಲರ್ಜಿ ಇರಬಹುದು. ಇದಕ್ಕೆ ಚರ್ಮವೈದ್ಯರ ಚಿಕಿತ್ಸೆ ಅವಶ್ಯ.

ಮನೆಯ ಉಪಚಾರ

1. ಕೂಡಲೇ ನೆರಳಿಗೆ ಬನ್ನಿರಿ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಹತ್ತಿ ಬಟ್ಟೆಯನ್ನು 10–15 ನಿಮಿಷ ಇಡಿರಿ. ದಿನಕ್ಕೆ ಹಲವು ಬಾರಿ ಹೀಗೆ ಮಾಡಿರಿ. ಇದೇ ಮೊದಲ ಉಪಚಾರ.
2. ಲೋಳೆಸರದ ಎಲೆ ಕತ್ತರಿಸಿ, ಹಳದಿ ರಸ ಸೋರುವಂತೆ 10–15 ನಿಮಿಷ ನಿಲ್ಲಿಸಿ ತೊಳೆಯಿರಿ. ಒಳಗಿನ ತಿಳಿ ಲೋಳೆಯನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ, ತುರಿಕೆ ಬಾರದಿದ್ದರೆ ತೆಳುವಾಗಿ ಲೇಪಿಸಿರಿ. ಬದುವಿನ ಮೇಲೆ ಬೇಲಿಯಾಗಿ ಬೆಳೆಸುವ ಭೂತಾಳೆಯನ್ನು ಲೋಳೆಸರವೆಂದು ತಪ್ಪಾಗಿ ಬಳಸಬೇಡಿರಿ. ಅದರ ರಸದಿಂದಲೇ ಬೊಬ್ಬೆ ಏಳುತ್ತದೆ.
3. ತಂಪಾದ ಮೊಸರು ಅಥವಾ ತುರಿದ ಸೌತೆಕಾಯಿ ಉರಿಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಚರ್ಮ ಒಡೆಯದಿದ್ದಾಗ ಮಾತ್ರ ಹಚ್ಚಿ, 10 ನಿಮಿಷದ ನಂತರ ತೊಳೆಯಿರಿ.
4. ನೀರು, ಉಪ್ಪು ಬೆರೆಸಿದ ತೆಳು ಮಜ್ಜಿಗೆ, ಎಳನೀರು ಕುಡಿಯಿರಿ. ಹೆಚ್ಚು ಬೆವರಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಯಿರಿ.
5. ಉರಿ ಆರಿ ಸಿಪ್ಪೆ ಏಳುವಾಗ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಹಚ್ಚಬಹುದು. ಸಿಪ್ಪೆ ಕೀಳಬಾರದು.

ಮಾಡಬಾರದ್ದು

• ನಿಂಬೆ ರಸ ಹಚ್ಚಬೇಡಿರಿ. ಅದು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಬೊಬ್ಬೆ, ಕಪ್ಪು ಕಲೆ ಉಂಟಾಗುತ್ತವೆ.
• ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿರಿ. ಟೂತ್‌ಪೇಸ್ಟ್ ಹಚ್ಚಬೇಡಿರಿ.
• ಚರ್ಮ ಬಿಸಿಯಾಗಿರುವಾಗ ತುಪ್ಪ, ಎಣ್ಣೆ ಬೇಡ; ಅವು ಶಾಖವನ್ನು ಹಿಡಿದಿಡುತ್ತವೆ.
• ಬೊಬ್ಬೆಗಳನ್ನು ಒಡೆಯಬೇಡಿರಿ.

ವೈದ್ಯರನ್ನು ಯಾವಾಗ ಕಾಣಬೇಕು?

ಹೆಚ್ಚು ಭಾಗದಲ್ಲಿ ಬೊಬ್ಬೆ, ಕೀವು, ಜ್ವರ, ವಾಂತಿ ಕಂಡುಬಂದರೆ ಅಥವಾ ಚಿಕ್ಕ ಮಕ್ಕಳ ಚರ್ಮ ಸುಟ್ಟಿದ್ದರೆ ವಿಳಂಬಿಸಬೇಡಿರಿ. ಬಿಸಿಲಿನಲ್ಲಿದ್ದವರು ಅಸಂಬದ್ಧವಾಗಿ ಮಾತನಾಡಿದರೆ, ಪ್ರಜ್ಞೆ ತಪ್ಪಿದರೆ ಅಥವಾ ಮೈ ಅತಿಯಾಗಿ ಕಾದಿದ್ದರೆ ಅದು ಬಿಸಿಲಾಘಾತ, ಪ್ರಾಣಾಪಾಯದ ಸ್ಥಿತಿ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮುನ್ನೆಚ್ಚರಿಕೆ

ಹೊಲದ ಕೆಲಸವನ್ನು ಸಾಧ್ಯವಾದಷ್ಟು ಬೆಳಿಗ್ಗೆ 11ರ ಒಳಗೆ ಮತ್ತು ಸಂಜೆ 4ರ ನಂತರ ಹಮ್ಮಿಕೊಳ್ಳಿರಿ. ತುಂಬು ತೋಳಿನ ಹತ್ತಿ ಅಂಗಿ ಧರಿಸಿ, ಕಿವಿ ಮತ್ತು ಕುತ್ತಿಗೆ ಮುಚ್ಚುವಂತೆ ರುಮಾಲು ಅಥವಾ ಸೆರಗು ಸುತ್ತಿಕೊಳ್ಳಿರಿ. ಸುಟ್ಟ ಚರ್ಮ ವಾಸಿಯಾಗುವವರೆಗೆ ಆ ಭಾಗವನ್ನು ಮುಚ್ಚಿಕೊಳ್ಳಿರಿ. ಔಷಧಿ ಸಿಂಪಡಣೆಯ ಕೆಲಸವನ್ನು ಅಲ್ಲಿಯವರೆಗೆ ಬೇರೆಯವರಿಗೆ ವಹಿಸಿರಿ. ಹಾನಿಗೊಂಡ ಚರ್ಮದ ಮೂಲಕ ಕೀಟನಾಶಕವು ಸುಲಭವಾಗಿ ದೇಹವನ್ನು ಸೇರುತ್ತದೆ.