ಮಲಪನಗುಡಿ: ದಾರಿಹೋಕರ ಅರವಟ್ಟಿಗೆ ಮತ್ತು ಬಾವಿ

ಹೊಸಪೇಟೆಯಿಂದ ಕಮಲಾಪುರದ ಮೂಲಕ ಹಂಪಿಗೆ ಸಾಗುವ ಹಳೆಯ ದಾರಿಯಲ್ಲಿರುವ ಮಲಪನಗುಡಿಯ ಮಲ್ಲಿಕಾರ್ಜುನ ದೇವಾಲಯದ ಶಾಸನವು, ವಿಜಯನಗರದ ಅರಸ ಒಂದನೆಯ ದೇವರಾಯನ ಆಳ್ವಿಕೆಯಲ್ಲಿ, ಕ್ರಿ.ಶ. 1412ರಲ್ಲಿ, ಹೆಗ್ಗಡೆ ಸೋವಣ್ಣನು ದೇವಾಲಯದೊಂದಿಗೆ ಅರವಟ್ಟಿಗೆಯನ್ನೂ ಕಟ್ಟಿಸಿದುದನ್ನು ದಾಖಲಿಸುತ್ತದೆ. ಅರವಟ್ಟಿಗೆ ಎಂದರೆ ದಾರಿಹೋಕರಿಗೆ ಪುಣ್ಯಾರ್ಥವಾಗಿ ಕುಡಿಯುವ ನೀರು ಕೊಡುವ ನೆರಳಿನ ತಾಣ.

ಊರಿನ ಬಳಿಯ ‘ಸೂಳೆಬಾವಿ’ಯು ವಿಜಯನಗರ ಕಾಲದ ಎಂಟು ಮೂಲೆಯ ಬಾವಿಯಾಗಿದ್ದು, ಅದನ್ನು ಸುತ್ತುವರಿದ ಕಮಾನುಗಳ ಮೊಗಸಾಲೆಯು ದಖ್ಖನಿನ ಸುಲ್ತಾನರ ಕಟ್ಟಡಶೈಲಿಯನ್ನು ಹೋಲುತ್ತದೆ. ನೀರಿಗಾಗಿ ಬಂದವರು ಬಿಸಿಲು ತಗ್ಗುವವರೆಗೆ ಈ ಮೊಗಸಾಲೆಯ ನೆರಳಿನಲ್ಲಿ ದಣಿವಾರಿಸಿಕೊಳ್ಳಬಹುದಿತ್ತು.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಂದಿನ ಹೊಸಪೇಟೆಯ ಕಡೆ ಅರಸನು ಕಟ್ಟಿಸಿದ ಹೊಸ ಪಟ್ಟಣದಿಂದ ರಾಜಧಾನಿಯವರೆಗಿನ ಅಗಲವಾದ ದಾರಿಯ ಎರಡೂ ಬದಿಯಲ್ಲಿ ಮನೆ, ಅಂಗಡಿಗಳ ಸಾಲಿದ್ದುದನ್ನೂ, ನಡೆದು ಹೋಗುವವರಿಗೆ ನೆರಳಾಗಲೆಂದು ಅರಸನು ಮರಗಳನ್ನು ನೆಡಿಸಿದ್ದುದನ್ನೂ ಬರೆದಿದ್ದಾನೆ. ಹೀಗೆ ನೀರು, ನೆರಳು, ಗುಡಿ ಮತ್ತು ಅಂಗಡಿಗಳು ಒಂದೇ ದಾರಿಗುಂಟ ಕೂಡಿಬಂದು, ವ್ಯಾಪಾರಿಗೂ ಯಾತ್ರಿಕನಿಗೂ ಸಮಾನವಾಗಿ ಆಸರೆಯಾಗಿದ್ದವು.